ಜರ್ಮನ್ ವ್ಯಾಕರಣವೂ ಕನ್ನಡದ ಕಿವಿಯೂ

ಚಾಮರಾಜಪುರಂ ರೈಲು ನಿಲ್ದಾಣದ ಸುತ್ತಣ ಬೀದಿಗಳಲ್ಲಿ ಸಂಜೆಯ ಹೊತ್ತು ನಡೆದುಹೋಗುವವರ ಕಿವಿಗೆ ಒಂದೊಂದು ಮನೆಯಿಂದ ಒಂದೊಂದು ಪಾಠ ಬೀಳುವುದು ಹಿಂದಿನಿಂದ ಬಂದ ವಾಡಿಕೆ. ಒಂದು ಮನೆಯಲ್ಲಿ ಸರಳೆ, ಜಂಟಿವರಸೆ, ಇನ್ನೊಂದರಲ್ಲಿ ಸ್ತೋತ್ರಪಾಠ, ಮತ್ತೊಂದರಲ್ಲಿ ಮಗ್ಗಿ. ಈಚಿನ ವರ್ಷಗಳಲ್ಲಿ ಈ ಧ್ವನಿಗಳ ನಡುವೆ ‘ಡೇರ್, ಡೀ, ಡಸ್’ ಎಂಬ ಹೊಸದೊಂದು ಪಠನವೂ ಸೇರಿಕೊಂಡಿದೆ. ಯಂತ್ರಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಹೆಚ್ಚಾಗಿ ಓದಬೇಕೆಂದು ಹುಡುಗರೂ ಹುಡುಗಿಯರೂ ಜರ್ಮನಿಗೆ ಹೋಗುತ್ತಾರೆ. ರೋಗಿಗಳ ಶುಶ್ರೂಷೆಯ ಕೆಲಸಕ್ಕೆ ಹೋಗುವವರೂ ಇದ್ದಾರೆ. ಗಂಡನು ಮೊದಲು ಹೋಗಿ ಹೆಂಡತಿಯು ಹಿಂದಿನಿಂದ ಹೋಗುವ ಸಂಸಾರಗಳೂ ಉಂಟು. ಹೀಗೆ ಹಿಂದಿನಿಂದ ಹೋಗುವವರಲ್ಲಿ ಅನೇಕರಿಗೆ, 2007ರಿಂದ ಈಚೆಗೆ, ಜರ್ಮನ್ ಭಾಷೆಯ ಮೊದಲ ಮೆಟ್ಟಿಲಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಹೊರತು ವೀಸಾ ದೊರೆಯದು. ಎಂದರೆ, ವ್ಯಾಕರಣದ ನಾಲ್ಕು ವಿಭಕ್ತಿಗಳು ಗಂಡಹೆಂಡಿರು ಒಂದೆಡೆ ಸಂಸಾರ ಹೂಡುವುದಕ್ಕೂ ಅಡ್ಡ ನಿಲ್ಲಬಲ್ಲವು. ಶಬ್ದಶಾಸ್ತ್ರಕ್ಕೆ ಇಷ್ಟು ಅಧಿಕಾರ ಬಂದುದನ್ನು ಕಂಡಿದ್ದರೆ ಕೇಶಿರಾಜನೇ ಬೆರಗಾಗುತ್ತಿದ್ದನು.

ಈ ಪಾಠಕ್ಕೆ ನಮ್ಮ ಮನೆಗಳಲ್ಲಿ ಬಳಕೆಯಾಗುತ್ತಿರುವ ಬಾಲಬೋಧೆಗಳನ್ನು ಕುರಿತು ಕೆಲವು ಮಾತುಗಳನ್ನು ಹೇಳುವುದು ಈ ಲೇಖನದ ಉದ್ದೇಶ. ಯಾವೊಂದು ಹೊಸ ಪುಸ್ತಕವನ್ನೂ ಹೆಸರಿಸಿ ಹಳಿಯುವುದು ನಮ್ಮ ಇಚ್ಛೆಯಲ್ಲ. ನಾವು ನೋಡಿದವುಗಳಲ್ಲಿ ಅಚ್ಚು ಅಂದವಾಗಿದೆ, ಚಿತ್ರಗಳು ಸೊಗಸಾಗಿವೆ, ಅಂಗಡಿಯಲ್ಲಿ, ಔಷಧಾಲಯದಲ್ಲಿ, ರೈಲು ನಿಲ್ದಾಣದಲ್ಲಿ ಆಡತಕ್ಕ ಸಂಭಾಷಣೆಗಳೂ ಉಪಯುಕ್ತವಾಗಿವೆ. ಆದರೆ ಎಲ್ಲದಕ್ಕೂ ಸಮಾನವಾದ ದೋಷವೊಂದುಂಟು. ಕಲಿಯುವವನ ತಲೆಯೊಳಗೆ ಮೊದಲೇ ಮನೆಮಾಡಿಕೊಂಡಿರುವ ಭಾಷೆ ಇಂಗ್ಲಿಷೇ ಎಂದು ಅವು ಭಾವಿಸಿಕೊಂಡಿವೆ. ಯಾವುದು ಸುಲಭ, ಯಾವುದು ಕಷ್ಟ, ಯಾವುದನ್ನು ಮೊದಲು ಹೇಳಬೇಕು, ಯಾವುದಕ್ಕೆ ಕ್ಷಮೆ ಬೇಡಬೇಕು—ಇವೆಲ್ಲವನ್ನೂ ಇಂಗ್ಲಿಷಿನವನ ಕಿವಿಯಿಂದಲೇ ಅವು ನಿರ್ಣಯಿಸುತ್ತವೆ. ಕನ್ನಡದ ಕಿವಿಗೆ ಈ ನಿರ್ಣಯಗಳು ಎಷ್ಟೋ ಕಡೆ ತಲೆಕೆಳಗಾಗಿವೆ.

ಒಂದು ನಿದರ್ಶನ. ನಮ್ಮ ನೆರೆಮನೆಯ ಸೊಸೆ ಬುದ್ಧಿವಂತೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಅನಂತರ ವಿಜ್ಞಾನದ ಪದವಿಯನ್ನು ಪಡೆದವಳು. ಆಕೆಯ ಅಭ್ಯಾಸದ ಪುಸ್ತಕದಲ್ಲಿ ಒಂದು ವಾಕ್ಯಕ್ಕೆ ಕೆಂಪು ಶಾಯಿಯ ಗೆರೆ ಬಿದ್ದಿತ್ತು. ಆಕೆ ಬರೆದದ್ದು ‘ಇಶ್ ಬಿನ್ ಕಲ್ಟ್’ ಎಂದು. ‘ಇಶ್’ ಎಂದರೆ ನಾನು, ‘ಬಿನ್’ ಎಂದರೆ ಇದ್ದೇನೆ, ‘ಕಲ್ಟ್’ ಎಂದರೆ ತಣ್ಣಗೆ. ಇಂಗ್ಲಿಷಿನಲ್ಲಿ ಚಳಿಯನ್ನು ಹೇಳುವ ರೀತಿಯೇ ಹಾಗೆ. ಆದರೆ ಜರ್ಮನ್ ಭಾಷೆಯಲ್ಲಿ ಆ ಮಾತು, ನಾನು ಪ್ರೀತಿವಿಶ್ವಾಸಗಳಿಲ್ಲದ ಜಡಸ್ವಭಾವದವಳು ಎಂಬ ಅರ್ಥಕ್ಕೆ ಎಡೆಗೊಡುತ್ತದೆ.

“ತಪ್ಪೆಲ್ಲಿದೆ ಎಂದು ತಿಳಿಯಲಿಲ್ಲ, ಮೇಷ್ಟ್ರೆ” ಎಂದಳು.

“ಮೊದಲು ಅದನ್ನು ಕನ್ನಡದಲ್ಲಿ ಹೇಳಮ್ಮ.”

“ನನಗೆ ಚಳಿ.”

ಜರ್ಮನರು ಹೇಳುವುದೂ ಅದನ್ನೇ: ‘ಮೀರ್ ಇಸ್ಟ್ ಕಲ್ಟ್’. ‘ಮೀರ್’ ಎಂದರೆ ‘ನನಗೆ’. ಚಳಿಯನ್ನು ಅನುಭವಿಸುವವನು ಕರ್ತೃವಲ್ಲ; ಚಳಿ ಅವನಿಗೆ ಆಗತಕ್ಕದ್ದು. ಆಕೆಯ ತಪ್ಪು ಕನ್ನಡದಿಂದ ಬಂದುದಲ್ಲ, ನಡುವೆ ನಿಂತ ಇಂಗ್ಲಿಷಿನಿಂದ ಬಂದುದು. ಸರಿಯಾದ ವಾಕ್ಯರಚನೆ ಹುಟ್ಟಿದಂದಿನಿಂದ ಅವಳ ನಾಲಗೆಯ ಮೇಲೆಯೇ ಇತ್ತು. ಪುಸ್ತಕವು ಅದನ್ನು ಕೇಳಲೇ ಇಲ್ಲ.

ಪುಸ್ತಕಗಳು ಹೀಗೇಕಾದವು ಎಂಬುದು ಕಠಿನವಾದ ಪ್ರಶ್ನೆಯಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಎಮಿಲ್ ಓಟೋ ಎಂಬವರು ಇಂಗ್ಲಿಷರಿಗಾಗಿ ರಚಿಸಿದ ಜರ್ಮನ್ ಸಂಭಾಷಣಾ ವ್ಯಾಕರಣವು ಹೈಡೆಲ್‌ಬರ್ಗಿನಲ್ಲಿ ಅಚ್ಚಾಗಿ ದೇಶದೇಶಗಳಿಗೆ ಹರಡಿತು. ನಿಯಮವನ್ನು ಹೇಳುವುದು, ಪಟ್ಟಿಯನ್ನು ಕೊಡುವುದು, ಇಂಗ್ಲಿಷಿನಿಂದ ಜರ್ಮನಿಗೂ ಜರ್ಮನಿನಿಂದ ಇಂಗ್ಲಿಷಿಗೂ ತಿರುಗಿಸಲು ವಾಕ್ಯಗಳನ್ನು ಕೊಡುವುದು—ಇದು ಅದರ ಕ್ರಮ. ಇಂದಿನ ಪುಸ್ತಕಗಳು ಆ ಕ್ರಮವನ್ನು ತೊರೆದು ಸಂಭಾಷಣೆಯಿಂದ ಆರಂಭಿಸಿದರೂ, ವ್ಯಾಕರಣವನ್ನು ವಿವರಿಸುವ ಸಣ್ಣಚ್ಚಿನ ಚೌಕಗಳಲ್ಲಿ ಓದುಗನ ಪಕ್ಕದಲ್ಲಿ ಕುಳಿತಿರುವುದು ಆ ಹಳೆಯ ಇಂಗ್ಲಿಷ್ ವಿದ್ಯಾರ್ಥಿಯೇ. ಅವನ ಗೊಣಗಾಟವನ್ನು ಲೋಕಪ್ರಸಿದ್ಧ ಮಾಡಿದವನು ಅಮೆರಿಕದ ಮಾರ್ಕ್ ಟ್ವೈನ್. 1880ರಲ್ಲಿ ತನ್ನ ಪ್ರವಾಸಗ್ರಂಥವೊಂದಕ್ಕೆ ಅನುಬಂಧವಾಗಿ, ಜರ್ಮನ್ ಭಾಷೆಯ ಘೋರತೆಯನ್ನು ಕುರಿತು ಅವನು ಹಾಸ್ಯಪ್ರಬಂಧವೊಂದನ್ನು ಬರೆದನು. ಕ್ರಿಯಾಪದವು ವಾಕ್ಯದ ತುದಿಗೆ ಬರುವವರೆಗೆ ಕಾಯಬೇಕು, ಪದಗಳನ್ನು ರೈಲುಬಂಡಿಗಳಂತೆ ಒಂದಕ್ಕೊಂದು ಕೊಂಡಿಹಾಕುತ್ತಾರೆ, ಗೆಡ್ಡೆಗೆ ಸ್ತ್ರೀತ್ವ ಉಂಟು, ಹುಡುಗಿಗೆ ಇಲ್ಲ—ಇವು ಅವನ ದೂರುಗಳ ಸಾರ. ನಗುವುದಕ್ಕೆ ಬಹಳ ಚೆನ್ನಾಗಿದೆ. ಆದರೆ ಕನ್ನಡಿಗನಾದವನು ಅದನ್ನು ಓದುತ್ತ ಅರ್ಧದಲ್ಲಿಯೇ ನಿಲ್ಲಿಸಿ, ಕ್ರಿಯಾಪದವು ತುದಿಯಲ್ಲಿ ಬಾರದೆ ಇನ್ನೆಲ್ಲಿ ಬರಬೇಕು ಎಂದು ಕೇಳುವುದು ಸಹಜ. ಆ ದೂರುಗಳಲ್ಲಿ ಮೊದಲ ಎರಡು ನಮಗೆ ದೂರುಗಳೇ ಅಲ್ಲ. ಆದರೂ ಬಾಲಬೋಧೆಗಳು ನಮ್ಮನ್ನು ಅವುಗಳಿಗಾಗಿ ಸಮಾಧಾನಪಡಿಸುತ್ತಲೇ ಇವೆ!

ಜರ್ಮನರು ನಮ್ಮ ಭಾಷೆಯನ್ನು ಕಲಿತ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1836ರಲ್ಲಿ ಇಲ್ಲಿಗೆ ಬಂದ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ವೈಗ್ಲೆ 1848ರಲ್ಲಿಯೇ ಜರ್ಮನಿಯ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಕನ್ನಡ ಭಾಷಾಸಾಹಿತ್ಯಗಳನ್ನು ಕುರಿತು ಜರ್ಮನ್ ಭಾಷೆಯಲ್ಲಿ ಬರೆದರು. 1853ರಲ್ಲಿ ಬಂದ ಕಿಟ್ಟೆಲರ ಕೆಲಸವು ಎಲ್ಲರಿಗೂ ತಿಳಿದದ್ದು: 1894ರ ನಿಘಂಟು ನಮ್ಮಲ್ಲಿ ಎಷ್ಟೋ ಮನೆಗಳ ಬೀರುವಿನಲ್ಲಿದೆ. ಆದರೆ ಇಲ್ಲಿ ಮುಖ್ಯವಾದದ್ದು ನಿಘಂಟಲ್ಲ, 1903ರಲ್ಲಿ ಹೊರಬಂದ ಅವರ ಕನ್ನಡ ವ್ಯಾಕರಣ. ಅದನ್ನು ಬರೆಯುವುದಕ್ಕೆ ಮುವ್ವತ್ತು ವರ್ಷಗಳಿಗೂ ಮುಂಚೆ, 1872ರಲ್ಲಿ, ಕಿಟ್ಟೆಲರು ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿ ಅಚ್ಚುಮಾಡಿಸಿದ್ದರು. ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ಕನ್ನಡವನ್ನು ಎರಕಹೊಯ್ಯುವುದು ಅವರಿಗೆ ಸುಲಭವಾಗುತ್ತಿತ್ತು. ಹಾಗೆ ಮಾಡದೆ, ಕೇಶಿರಾಜನು ಏನು ಹೇಳಿದ್ದಾನೆಂಬುದನ್ನು ಮುಂದಿಟ್ಟುಕೊಂಡು, ಅವನ ಪರಿಭಾಷೆಯನ್ನು ಉಳಿಸಿಕೊಂಡು, ಹಳಗನ್ನಡ ನಡುಗನ್ನಡ ಹೊಸಗನ್ನಡಗಳನ್ನು ಒಂದೆಡೆ ತೂಗಿ ನೋಡಿದರು. ಗ್ರಂಥದ ಭಾಷೆಯೇನೋ ಇಂಗ್ಲಿಷು. ಜರ್ಮನ್ ಮನಸ್ಸು, ಇಂಗ್ಲಿಷ್ ಬರವಣಿಗೆ, ಕನ್ನಡ ವಿಷಯ ಎಂಬ ಮುಮ್ಮೂಲೆಯ ವ್ಯವಹಾರ. ಇಂದು ನಮ್ಮ ಮಕ್ಕಳದೂ ಮುಮ್ಮೂಲೆಯ ವ್ಯವಹಾರವೇ: ಕನ್ನಡ ಮನಸ್ಸು, ಇಂಗ್ಲಿಷ್ ಪುಸ್ತಕ, ಜರ್ಮನ್ ವಿಷಯ. ಎರಡು ಸಲವೂ ನಡುವೆ ನಿಂತದ್ದು ಇಂಗ್ಲಿಷೇ. ಆದರೆ ಕಿಟ್ಟೆಲರ ಕೈಯಲ್ಲಿ ಕೇಶಿರಾಜನಿದ್ದನು. ನಮ್ಮವರ ಕೈಯಿಂದ ಅವನನ್ನು ಕಿತ್ತುಕೊಂಡಾಗಿದೆ.

ಕೇಶಿರಾಜನನ್ನು ಹಿಂದಕ್ಕೆ ಕರೆತಂದರೆ ಆಗುವ ಪ್ರಯೋಜನವೇನೆಂದು ಈಗ ನೋಡೋಣ. ಜರ್ಮನ್ ಭಾಷೆಯಲ್ಲಿ ವಿಭಕ್ತಿಗಳು ನಾಲ್ಕು: ನಮ್ಮ ಎಣಿಕೆಯ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ. ‘ಫಾಟರ್’ ಎಂದರೆ ತಂದೆ. ಡೇರ್ ಫಾಟರ್, ತಂದೆಯು. ಡೇನ್ ಫಾಟರ್, ತಂದೆಯನ್ನು. ಡೇಮ್ ಫಾಟರ್, ತಂದೆಗೆ. ಡೆಸ್ ಫಾಟರ್ಸ್, ತಂದೆಯ. ಇಂಗ್ಲಿಷಿನವನಿಗೆ ಇದು ಬೆಟ್ಟ. ಅವನ ಭಾಷೆಯಲ್ಲಿ ನಾಮಪದವು ಕರ್ತೃವಾದರೂ ಕರ್ಮವಾದರೂ ರೂಪ ಒಂದೇ. ಆದ್ದರಿಂದ ಅವನಿಗಾಗಿ ಬರೆದ ಪುಸ್ತಕವು ವಿಭಕ್ತಿ ಎಂದರೇನು ಎಂಬುದನ್ನೇ ಮೂರು ಪುಟ ವಿವರಿಸಬೇಕಾಗುತ್ತದೆ. ನಮ್ಮಲ್ಲಿ ಮೂರು ವರ್ಷದ ಕೂಸು ‘ಅಪ್ಪನಿಗೆ ಕೊಡು’, ‘ಅಪ್ಪನನ್ನು ಕರಿ’ ಎಂದು ತಪ್ಪಿಲ್ಲದೆ ಹೇಳುತ್ತದೆ. ಕನ್ನಡಿಗನಿಗೆ ಹೇಳಬೇಕಾದುದು ಒಂದೇ ಮಾತು: ನಾವು ಪ್ರತ್ಯಯವನ್ನು ಪದದ ಬಾಲಕ್ಕೆ ಕಟ್ಟುತ್ತೇವೆ, ಅವರು ಹೆಚ್ಚಾಗಿ ಪದದ ಮುಂದೆ ನಿಲ್ಲುವ ಆ ‘ಡೇರ್’ ಎಂಬ ಚಿಕ್ಕ ಮಾತಿನಲ್ಲಿ ಅದನ್ನು ತೋರಿಸುತ್ತಾರೆ. ಜೊತೆಗೆ ಒಂದು ಎಚ್ಚರಿಕೆಯೂ ಬೇಕು. ಜರ್ಮನಿಯ ಶಾಲೆಗಳ ಸಂಪ್ರದಾಯದ ಎಣಿಕೆಯಲ್ಲಿ ನಮ್ಮ ಷಷ್ಠಿಯು ಎರಡನೆಯದು, ಚತುರ್ಥಿಯು ಮೂರನೆಯದು, ದ್ವಿತೀಯೆಯು ನಾಲ್ಕನೆಯದು. ಸಂಖ್ಯೆಯನ್ನು ನಂಬಿದವನು ಕೆಡುತ್ತಾನೆ, ಅರ್ಥವನ್ನು ನಂಬಬೇಕು.

ತೃತೀಯಾ, ಪಂಚಮೀ, ಸಪ್ತಮಿಗಳು ಎಲ್ಲಿ ಹೋದವು ಎಂದು ಕೇಳಬಹುದು. ಜರ್ಮನ್ ಭಾಷೆಯ ಪೂರ್ವಿಕರಲ್ಲಿ ಅವು ಇದ್ದವು; ಕಾಲಕ್ರಮದಲ್ಲಿ ಅವುಗಳ ಆಸ್ತಿಯೆಲ್ಲವೂ ಚತುರ್ಥಿಯ ವಶವಾಯಿತು. ಆದುದರಿಂದಲೇ ‘ಜೊತೆಯಲ್ಲಿ’ ಎಂಬರ್ಥದ ‘ಮಿಟ್’, ‘ಇಂದ’ ಎಂಬರ್ಥದ ‘ಫೊನ್’, ‘ಔಸ್’ ಎಂಬ ಅವ್ಯಯಗಳೆಲ್ಲ ಚತುರ್ಥಿಯನ್ನೇ ಬೇಡುತ್ತವೆ. ಮೂವರು ದಾಯಾದಿಗಳ ಪಾಲನ್ನು ಒಬ್ಬನೇ ಅನುಭವಿಸುತ್ತಿದ್ದಾನೆ ಎಂದು ಹೇಳಿಕೊಟ್ಟರೆ ವಿದ್ಯಾರ್ಥಿಯು ಆ ಪಟ್ಟಿಯನ್ನು ಮರೆಯಲಾರನು.

ಕೆಲವು ಕ್ರಿಯಾಪದಗಳು ಚತುರ್ಥಿಯನ್ನು ಅಪೇಕ್ಷಿಸುತ್ತವೆಂದು ಇಂಗ್ಲಿಷ್ ಮಾರ್ಗದ ಪುಸ್ತಕಗಳು ಒಂದು ಪಟ್ಟಿಯನ್ನು ಕೊಟ್ಟು, ಇವು ಅಪವಾದಗಳು, ಬಾಯಿಪಾಠ ಮಾಡಿ ಎನ್ನುತ್ತವೆ. ಆ ಪಟ್ಟಿಯನ್ನು ಕನ್ನಡದಲ್ಲಿ ಓದಿ ನೋಡಿ: ಸಹಾಯ ಮಾಡು, ಉತ್ತರ ಕೊಡು, ವಂದನೆ ಹೇಳು, ಹಿಡಿಸು, ಸೇರು. ನಾವು ನಿಮಗೆ ಸಹಾಯ ಮಾಡುತ್ತೇವೆ, ನಿಮಗೆ ಉತ್ತರ ಕೊಡುತ್ತೇವೆ. ಊಟ ನಮಗೆ ಹಿಡಿಸುತ್ತದೆ. ‘ಡಸ್ ಬೂಖ್ ಗೆಹೋರ್ಟ್ ಮೀರ್’—ಆ ಪುಸ್ತಕ ನನಗೆ ಸೇರಿದ್ದು. ಇದರಲ್ಲಿ ಅಪವಾದವೆಲ್ಲಿದೆ? ‘ಕೇಳು’ ಎಂಬರ್ಥದ ‘ಫ್ರಾಗೆನ್’ ಮಾತ್ರ ದ್ವಿತೀಯೆಯನ್ನು ಬಯಸುತ್ತದೆ. ನಾವೂ ‘ಅವನನ್ನು ಕೇಳಿದೆ’ ಎನ್ನುತ್ತೇವೆ. ಪಟ್ಟಿಯ ಎಲ್ಲ ಪದಗಳೂ ಹೀಗೆ ಒಪ್ಪುತ್ತವೆಂದು ನಾವು ವಾದಿಸುವುದಿಲ್ಲ. ‘ಹಿಂಬಾಲಿಸು’ ಎಂಬುದಕ್ಕೆ ನಾವು ‘ಅವನನ್ನು’ ಎನ್ನುತ್ತೇವೆ, ಅವರು ‘ಅವನಿಗೆ’ ಎನ್ನುತ್ತಾರೆ. ಹಸಿವಿನ ವಿಷಯದಲ್ಲಂತೂ ಕನ್ನಡವು ಕೈಕೊಡುತ್ತದೆ: ನಮಗೆ ಹಸಿವಾಗುತ್ತದೆ, ಜರ್ಮನನು ಹಸಿವನ್ನು ‘ಹೊಂದಿರುತ್ತಾನೆ’. ಆದರೆ ಕಂಠಪಾಠ ಮಾಡಬೇಕಾದ ಪಟ್ಟಿಯು ಇಪ್ಪತ್ತರಿಂದ ಐದಾರಕ್ಕೆ ಇಳಿಯುವುದಾದರೆ ಅದು ಅಲ್ಪಲಾಭವೆ?

ಇನ್ನೊಂದು ಸ್ಥಳದಲ್ಲಿ ಕನ್ನಡವು ದಾರಿ ತಪ್ಪಿಸುತ್ತದೆ, ಆದರೆ ಮನೆಯಲ್ಲಿಯೇ ಇರುವ ಮತ್ತೊಂದು ಭಾಷೆ ಕೈಹಿಡಿಯುತ್ತದೆ. ‘ಪಟ್ಟಣದಲ್ಲಿ’ ಎಂಬುದು ‘ಇನ್ ಡೇರ್ ಶ್ಟಟ್’. ‘ಪಟ್ಟಣಕ್ಕೆ’ ಎಂಬುದು ‘ಇನ್ ಡೀ ಶ್ಟಟ್’. ಇರುವ ಸ್ಥಳಕ್ಕೆ ಚತುರ್ಥಿ, ಹೋಗಿ ಸೇರುವ ಸ್ಥಳಕ್ಕೆ ದ್ವಿತೀಯೆ. ನಮ್ಮ ‘ಪಟ್ಟಣಕ್ಕೆ’ಯಲ್ಲಿ ಚತುರ್ಥಿಯ ಪ್ರತ್ಯಯವಿರುವುದರಿಂದ ಕನ್ನಡಿಗನು ಇಲ್ಲಿ ನೂರಕ್ಕೆ ನೂರು ತಪ್ಪುತ್ತಾನೆ. ಆದರೆ ಸಂಸ್ಕೃತದ ಮೊದಲನೆಯ ಪಾಠದಲ್ಲಿ ‘ಗ್ರಾಮಂ ಗಚ್ಛತಿ’ ಎಂದು ಓದಿದವರಿಗೆ, ಗಮನಾರ್ಥದಲ್ಲಿ ಗಂತವ್ಯವು ದ್ವಿತೀಯೆಯಲ್ಲಿರುವುದು ಹೊಸದಲ್ಲ. ಇಲ್ಲಿಯೇ ನಮ್ಮ ವಾದದ ತಿರುಳು ಇರುವುದು. ಕನ್ನಡಿಗನು ಎರಡು ಮನೆಗಳ ಬಾಧ್ಯಸ್ಥ. ವಾಕ್ಯವನ್ನು ಕಟ್ಟುವ ಬಗೆಯನ್ನು ಅವನು ದ್ರಾವಿಡವಾದ ತಾಯ್ನುಡಿಯಿಂದ ಪಡೆದಿದ್ದಾನೆ; ಲಿಂಗ, ಸಮಾಸ, ಉಪಸರ್ಗಗಳ ಪರಿಚಯವನ್ನು ಸಂಸ್ಕೃತದಿಂದ ಪಡೆದಿದ್ದಾನೆ. 1816ರಲ್ಲಿ ಫ್ರಾನ್ಸ್ ಬಾಪ್ ಕ್ರಿಯಾಪದರೂಪಗಳನ್ನು ಹೋಲಿಸಿ ತೋರಿಸಿದಂದಿನಿಂದ, ಸಂಸ್ಕೃತವೂ ಜರ್ಮನ್ ಭಾಷೆಯೂ ಒಂದೇ ಕುಲದವೆಂಬುದು ವಿದ್ವಾಂಸರಲ್ಲಿ ಸ್ಥಿರಪಟ್ಟಿದೆ. ಕನ್ನಡವು ಆ ಕುಲಕ್ಕೆ ಸೇರಿದುದಲ್ಲ. ಆದರೂ ನಡೆಯಲ್ಲಿ ಎಷ್ಟೋ ಕಡೆ ಜರ್ಮನಿಗೆ ಹತ್ತಿರ. ಒಂದು ಕಡೆ ನೆಂಟಸ್ತನ, ಇನ್ನೊಂದು ಕಡೆ ನೆರೆತನ. ಇವೆರಡನ್ನೂ ಬಿಟ್ಟು ಮೂರನೆಯ ಬಾಗಿಲನ್ನು ತಟ್ಟಿಸುವುದು ಯಾವ ನ್ಯಾಯ?

ನೆರೆತನವು ವಾಕ್ಯರಚನೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪ್ರಧಾನವಾಕ್ಯದಲ್ಲಿ ಜರ್ಮನ್ ಕ್ರಿಯಾಪದವು ಎರಡನೆಯ ಸ್ಥಾನವನ್ನು ಬಿಟ್ಟು ಕದಲುವುದಿಲ್ಲ. ‘ಇಂದು’ ಎಂದು ಆರಂಭಿಸಿದರೆ ‘ಇಂದು ಹೋಗುತ್ತೇನೆ ನಾನು ಮೈಸೂರಿಗೆ’ ಎಂಬಂತಾಗುತ್ತದೆ. ಇದು ನಮಗೆ ಹೊಸದು, ಇದಕ್ಕೆ ಅಭ್ಯಾಸ ಬೇಕು. ಆದರೆ ಉಪವಾಕ್ಯಕ್ಕೆ ಬಂದೊಡನೆ ಕ್ರಿಯಾಪದವು ನೇರವಾಗಿ ತುದಿಗೆ ಹೋಗಿ ಕುಳಿತುಕೊಳ್ಳುತ್ತದೆ. ‘ವೈಲ್ ಇಶ್ ಕ್ರಂಕ್ ಬಿನ್’: ‘ಏಕೆಂದರೆ ನಾನು ಕಾಯಿಲೆಯಾಗಿ ಇದ್ದೇನೆ’. ಭೂತಕಾಲದಲ್ಲಿ ‘ಇಶ್ ಹಾಬೆ ಗೆಸ್ಟರ್ನ್ ಐನ್ ಬೂಖ್ ಗೆಲೇಝೆನ್’: ನಾನು, ನಿನ್ನೆ, ಒಂದು ಪುಸ್ತಕ, ಓದಿ, ನಡುವೆ ‘ಹಾಬೆ’ ಎಂಬುದೊಂದು ಹೊರತು ಎಲ್ಲವೂ ನಮ್ಮ ಕ್ರಮವೇ. ಎಲ್ಲಕ್ಕಿಂತ ವಿಸ್ಮಯಕರವಾದುದು ಕೃದಂತವಿಶೇಷಣ. ‘ಡಸ್ ಗೆಸ್ಟರ್ನ್ ಗೆಕೌಫ್ಟೆ ಬೂಖ್’ ಎಂದರೆ ‘ನಿನ್ನೆ ಕೊಂಡ ಪುಸ್ತಕ’. ಪದಕ್ಕೆ ಪದ, ಸ್ಥಾನಕ್ಕೆ ಸ್ಥಾನ! ಇಂಗ್ಲಿಷಿನವನು ‘ಪುಸ್ತಕ, ಯಾವುದನ್ನು ನಿನ್ನೆ ಕೊಂಡೆನೋ ಅದು’ ಎಂದು ಹಿಂದುಮುಂದಾಗಿ ಬಿಡಿಸಿಕೊಳ್ಳಬೇಕು; ಆದುದರಿಂದ ಅವನ ಪುಸ್ತಕವು ಈ ಪ್ರಯೋಗವನ್ನು ಪ್ರೌಢರಿಗೆ ಮಾತ್ರ ತಕ್ಕ ವಿಷಯವೆಂದು ಕೊನೆಯ ಸಂಪುಟಕ್ಕೆ ತಳ್ಳುತ್ತದೆ. ಮಾತಿನಲ್ಲಿ ಇದರ ಬಳಕೆ ಕಡಿಮೆ, ನಿಜ. ಬರೆಹದಲ್ಲಿ, ಅದರಲ್ಲಿಯೂ ವೃತ್ತಪತ್ರಿಕೆ ಮತ್ತು ಸರ್ಕಾರದ ಕ್ರಮಪತ್ರಗಳಲ್ಲಿ, ಇದು ಹೇರಳ. ಮನೆಬಾಡಿಗೆಯ ಕರಾರನ್ನು ಓದಬೇಕಾದ ಕನ್ನಡಿಗನಿಗೆ ಇದನ್ನು ಎರಡನೆಯ ತಿಂಗಳಲ್ಲಿಯೇ ಕಲಿಸಬಹುದು. ಅವನು ಹೆದರುವುದಿಲ್ಲ.

ಲಿಂಗದ ವಿಷಯದಲ್ಲಿ ಮಾತ್ರ ಕನ್ನಡವು ನಿಸ್ಸಹಾಯ. ನಮ್ಮಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮಿಕ್ಕುದೆಲ್ಲ ನಪುಂಸಕ. ಇಷ್ಟು ನ್ಯಾಯವಾದ ವ್ಯವಸ್ಥೆ ಲೋಕದಲ್ಲಿ ಅಪರೂಪ. ಜರ್ಮನನ ಊಟದ ಮೇಜಿನ ಮೇಲೆ ಚಮಚವು ಪುಲ್ಲಿಂಗ, ಮುಳ್ಳುಚಮಚವು ಸ್ತ್ರೀಲಿಂಗ, ಚಾಕುವು ನಪುಂಸಕ. ಚಂದ್ರನು ಗಂಡು, ಸೂರ್ಯನು ಹೆಣ್ಣು. (ಸೂರ್ಯನಿಗೆ ಅವರ ಹೆಸರು ‘ಝೊನೆ’, ಬರೆಹದಲ್ಲಿ ಅದನ್ನು ನಮ್ಮವರು ‘ಸೊನ್ನೆ’ ಎಂದೇ ಓದುವುದುಂಟು.) ಹುಡುಗಿಯನ್ನು ಹೇಳುವ ‘ಮೇಡ್‌ಶೆನ್’ ನಪುಂಸಕ. ಇದನ್ನು ಕಂಡು ಟ್ವೈನ್ ಮಹಾಶಯನು ಹೊಟ್ಟೆ ಹಿಡಿದುಕೊಂಡು ನಕ್ಕಿರಬಹುದು. ಹೆಂಡತಿ ಎಂಬ ಅರ್ಥದಲ್ಲಿಯೇ ‘ದಾರಾಃ’ ಎಂಬುದು ಪುಲ್ಲಿಂಗ ಬಹುವಚನ, ‘ಕಲತ್ರಂ’ ಎಂಬುದು ನಪುಂಸಕ ಎಂದು ಕಲಿತವರಿಗೆ ನಗು ಬರುವುದಿಲ್ಲ. ಹುಡುಗಿಯ ನಪುಂಸಕತ್ವಕ್ಕೆ ಕಾರಣವೂ ಉಂಟು: ‘ಶೆನ್’ ಎಂಬುದು ಚಿಕ್ಕದೆಂಬರ್ಥದ ತದ್ಧಿತಪ್ರತ್ಯಯ, ಅದು ಸೇರಿದುದೆಲ್ಲ ನಪುಂಸಕ. ಹಾಗೆಯೇ ‘ಹೈಟ್’, ‘ಕೈಟ್’, ‘ಉಂಗ್’ ಎಂದು ಮುಗಿಯುವ ಭಾವನಾಮಗಳೆಲ್ಲ ಸ್ತ್ರೀಲಿಂಗ; ಸಂಸ್ಕೃತದಲ್ಲಿ ‘ತಾ’ ಸೇರಿದರೆ ಸ್ತ್ರೀಲಿಂಗ, ‘ತ್ವ’ ಸೇರಿದರೆ ನಪುಂಸಕ ಎಂಬಂತೆ. ಉಳಿದುದಕ್ಕೆ ಕಂಠಪಾಠವೇ ಗತಿ. ಆದರೆ ಕಂಠಪಾಠದ ಸರಿಯಾದ ವಿಧಾನವನ್ನು ಹೊರಗಿನಿಂದ ತರಿಸಬೇಕಾಗಿಲ್ಲ. ಅಮರಸಿಂಹನು ತನ್ನ ಕೋಶಕ್ಕೆ ಇಟ್ಟ ಹೆಸರೇ ‘ನಾಮಲಿಂಗಾನುಶಾಸನ’. ನಾಮವನ್ನೂ ಲಿಂಗವನ್ನೂ ಒಟ್ಟಿಗೆ ಬಾಯಿಗೆ ಹಾಕುವುದು ಅವನ ಕ್ರಮ. ಈ ಬೀದಿಗಳ ಹಳೆಯ ಮನೆಗಳಲ್ಲಿ ಅದು ನಡೆದು ಬಂದ ಕ್ರಮ. ‘ಡೇರ್’, ‘ಡೀ’, ‘ಡಸ್’ ಸೇರಿಸದೆ ಒಂದೇ ಒಂದು ನಾಮಪದವನ್ನೂ ಕಲಿಸಬಾರದೆಂಬ ನಿಯಮವನ್ನು ಹೊಸ ಪುಸ್ತಕಗಳು ಹೊಸದಾಗಿ ಕಂಡುಹಿಡಿದಂತೆ ಸಾರುವುದನ್ನು ಓದಿ ನಮಗೆ ಸ್ವಲ್ಪ ನಗು ಬಂದಿತು.

ಸಮಾಸವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ‘ಬಾನ್’ ಎಂದರೆ ಹಳಿಯ ದಾರಿ, ‘ಹೋಫ್’ ಎಂದರೆ ಅಂಗಳ. ‘ಬಾನ್‌ಹೋಫ್’ ರೈಲು ನಿಲ್ದಾಣ. ಮೊದಲನೆಯದು ಸ್ತ್ರೀಲಿಂಗ, ಎರಡನೆಯದು ಪುಲ್ಲಿಂಗ, ಒಟ್ಟು ಪದ ಪುಲ್ಲಿಂಗ. ತತ್ಪುರುಷದಲ್ಲಿ ಉತ್ತರಪದದ ಲಿಂಗವೇ ಸಮಾಸದ ಲಿಂಗವೆಂದು ಬಲ್ಲವರಿಗೆ ಇದನ್ನು ಹೇಳುವುದು ಕೂಡ ಪುನರುಕ್ತಿ. ಉಪಸರ್ಗಗಳ ವಿಷಯ ಇದಕ್ಕಿಂತ ಸ್ವಾರಸ್ಯ. ‘ಅಪ್‌ಫಾರೆನ್’ ಎಂದರೆ ಹೊರಡು. ಆದರೆ ವಾಕ್ಯದಲ್ಲಿ ‘ಡೇರ್ ಟ್ಸೂಕ್ ಫೇರ್ಟ್ ಉಂ ಝೆಕ್ಸ್ ಊರ್ ಅಪ್’, ರೈಲು ಆರು ಗಂಟೆಗೆ ಹೊರಡುತ್ತದೆ. ಧಾತುವು ಎರಡನೆಯ ಸ್ಥಾನದಲ್ಲಿ ನಿಂತಿತು, ಉಪಸರ್ಗವು ಕಳಚಿಕೊಂಡು ತುದಿಗೆ ಓಡಿತು. ಲೌಕಿಕ ಸಂಸ್ಕೃತದಲ್ಲಿ ಉಪಸರ್ಗವು ಧಾತುವಿಗೆ ಅಂಟಿಕೊಂಡೇ ಇರುತ್ತದೆ. ವೇದದಲ್ಲಿ ಹಾಗಲ್ಲ, ಅಲ್ಲಿ ಅದು ನಾಲ್ಕಾರು ಪದಗಳ ಆಚೆ ಸ್ವತಂತ್ರವಾಗಿ ನಿಲ್ಲುತ್ತದೆ. ವೇದಪಾಠ ಮಾಡಿದ ಹಿರಿಯರೊಬ್ಬರಿಗೆ ಇದನ್ನು ತೋರಿಸಿದಾಗ ಅವರು ಆಶ್ಚರ್ಯಪಡಲಿಲ್ಲ, “ಹಾಗೇ ಇರಬೇಕಲ್ಲವೆ?” ಎಂದಷ್ಟೇ ಹೇಳಿದರು. ಗುಣವಾಚಕವಂತೂ ಎರಡು ಮನೆಗಳ ಸಂಪ್ರದಾಯವನ್ನೂ ಪಾಲಿಸುತ್ತದೆ. ನಾಮಪದದ ಮುಂದೆ ನಿಂತರೆ ಸಂಸ್ಕೃತದಂತೆ ಲಿಂಗವಚನವಿಭಕ್ತಿಗಳನ್ನು ಅನುಸರಿಸಿ ಬದಲಾಗುತ್ತದೆ. ವಿಧೇಯವಾಗಿ ಹಿಂದೆ ನಿಂತರೆ ಕನ್ನಡದಂತೆ ಬದಲಾವಣೆಯಿಲ್ಲದೆ ಇರುತ್ತದೆ.

ಇನ್ನು ಉಚ್ಚಾರ. ನಮ್ಮ ಲಿಪಿಯು ನುಡಿದಂತೆ ಬರೆಯುವ ಲಿಪಿ ಎಂಬ ಹೆಮ್ಮೆಯಿಂದ ಇಲ್ಲಿ ಹಾನಿಯೇ ಹೆಚ್ಚು. ಈ ಲೇಖನದಲ್ಲಿಯೇ ‘ಇಶ್’ ಎಂದು ಬರೆದಿರುವುದು ಶಕಾರವಲ್ಲ. ಯಕಾರದ ಸ್ಥಾನದಲ್ಲಿ ನಾಲಗೆಯನ್ನಿಟ್ಟು ಉಸಿರನ್ನು ಬಿಟ್ಟರೆ ಹೊರಡುವ ಧ್ವನಿ. ‘ಬೂಖ್’ ಎಂಬಲ್ಲಿ ಅದೇ ಅಕ್ಷರಗಳು ಗಂಟಲಿನಿಂದ ಹೊರಡುತ್ತವೆ. ‘ಗೆಹೋರ್ಟ್’ ಎಂಬಲ್ಲಿಯ ಸ್ವರವು ಓಕಾರವಲ್ಲ; ತುಟಿ ಓ ಎನ್ನಬೇಕು, ನಾಲಗೆ ಏ ಎನ್ನಬೇಕು. ಆ ಮಹಾಕವಿಯ ಹೆಸರು ಕನ್ನಡದಲ್ಲಿ ಗೋಯಥೆ, ಗಯಟೆ, ಗೆಟೆ ಎಂದು ನಾನಾ ಅವತಾರಗಳನ್ನು ತಾಳಿರುವುದಕ್ಕೆ ಈ ಸ್ವರವೇ ಕಾರಣ. ಮೋಗ್ಲಿಂಗರ ಹೆಸರಿನಲ್ಲಿರುವುದೂ ಇದೇ. ಕಿಟ್ಟೆಲರ ಹೆಸರನ್ನು ನೋಡಿ. ಬರೆಹದಲ್ಲಿ ಎರಡು ಟಕಾರಗಳಿರುವುದರಿಂದ ನಾವು ಒತ್ತಕ್ಷರ ಹಾಕಿ ಒತ್ತಿ ನುಡಿಯುತ್ತೇವೆ. ಜರ್ಮನ್ ಭಾಷೆಯಲ್ಲಿ ಆ ದ್ವಿತ್ವವು ಹಿಂದಿನ ಇಕಾರವು ಹ್ರಸ್ವವೆಂಬುದಕ್ಕೆ ಗುರುತು ಮಾತ್ರ; ಅವರ ಊರಿನಲ್ಲಿ ಅವರು ಬರಿಯ ‘ಕಿಟೆಲ್’. ಕನ್ನಡಕ್ಕೆ ಅಷ್ಟು ದುಡಿದವರ ಹೆಸರಿಗೆ ನಾವು ಒಂದು ಒತ್ತನ್ನು ಹೆಚ್ಚಾಗಿ ಕೊಟ್ಟಿದ್ದೇವೆ. ಅದನ್ನು ಹಿಂದಕ್ಕೆ ಪಡೆಯಬೇಕಾಗಿಲ್ಲ. ಆದರೆ ಬಾಲಬೋಧೆಯು ಕನ್ನಡ ಲಿಪಿಯನ್ನು ಮೊದಲ ವಾರದ ಊರುಗೋಲಾಗಿ ಮಾತ್ರ ಬಳಸಿ, ಬೇಗನೆ ಕೈಬಿಡಿಸಬೇಕು. ಶುದ್ಧವಾದ ಉಚ್ಚಾರವನ್ನು ಈಗ ಫೋನಿನಲ್ಲಿಯೇ ಎಷ್ಟು ಬಾರಿ ಬೇಕಾದರೂ ಕೇಳಬಹುದಷ್ಟೆ.

ಮರ್ಯಾದೆಯ ಮಾತು ಒಂದು ಉಳಿಯಿತು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸರ್ವನಾಮ. ಆದುದರಿಂದ ‘ಡು’ ಮತ್ತು ‘ಝೀ’ಗಳ ಭೇದಕ್ಕೆ ಆ ಪುಸ್ತಕಗಳು ದೀರ್ಘವಾದ ಉಪನ್ಯಾಸವನ್ನೇ ಕೊಡುತ್ತವೆ. ನಮಗೆ ನೀನು, ನೀವು ಎಂದರೆ ಮುಗಿಯಿತು. ಇನ್ನೂ ಸೂಕ್ಷ್ಮವಾಗಿ ನೋಡಿದರೆ ‘ಝೀ’ ಎಂಬುದು ನಮ್ಮ ‘ನೀವು’ ಅಲ್ಲ, ‘ತಾವು’. ‘ತಾವು’ ಮೂಲತಃ ಪ್ರಥಮಪುರುಷಕ್ಕೆ ಸೇರಿದ ಆತ್ಮಾರ್ಥಕ ಬಹುವಚನ; ಎದುರಿಗಿರುವವರನ್ನು ನೇರವಾಗಿ ಬೆರಳುಮಾಡಲು ಸಂಕೋಚಪಟ್ಟು ಬೇರೆ ಯಾರೋ ಎಂಬಂತೆ ಕರೆಯುವ ವಿನಯ ಅದು. ಜರ್ಮನರೂ ‘ಅವರು’ ಎಂಬ ಪದವನ್ನೇ ಎದುರಿನವರಿಗೆ ಬಳಸುತ್ತಾರೆ. ಕ್ರಿಯಾಪದವೂ ‘ಅವರು’ ಎಂಬುದಕ್ಕೆ ಹೊಂದುವುದೇ. ಒಂದು ವ್ಯತ್ಯಾಸವನ್ನು ಮಾತ್ರ ಹುಡುಗಿಯರಿಗೆ ಮೊದಲೇ ಹೇಳಿ ಕಳುಹಿಸುವುದು ಲೇಸು: ಅಲ್ಲಿ ತಂದೆಯನ್ನೂ ಸಾಮಾನ್ಯವಾಗಿ ಅತ್ತೆಮಾವಂದಿರನ್ನೂ ‘ನೀನು’ ಎಂದೇ ಕರೆಯುವುದು ರೂಢಿ.

ಇಷ್ಟರಿಂದ, ಜರ್ಮನ್ ಪಾಠಕ್ಕೆ ಸೂತ್ರವೃತ್ತಿಗಳ ಭಾರವನ್ನು ಹೊರಿಸಬೇಕೆಂದು ನಾವು ಹೇಳುತ್ತಿರುವೆವೆಂದು ಯಾರೂ ಭಾವಿಸಬಾರದು. ಅದರ ಅಪಾಯವೂ ನಮ್ಮ ಚರಿತ್ರೆಯಲ್ಲಿಯೇ ಇದೆ. 1604ರಲ್ಲಿ ಭಟ್ಟಾಕಳಂಕನು ಕನ್ನಡಕ್ಕೆ ಸಂಸ್ಕೃತಸೂತ್ರಗಳಲ್ಲಿ ‘ಶಬ್ದಾನುಶಾಸನ’ವನ್ನು ರಚಿಸಿದನು. ಪಾಂಡಿತ್ಯದಲ್ಲಿ ಅದಕ್ಕೆ ಎಣೆಯಿಲ್ಲ. ಅದರಿಂದ ಕನ್ನಡವನ್ನು ಹೊಸದಾಗಿ ಕಲಿತವನನ್ನು ನಾವು ಕಂಡಿಲ್ಲ. ಇಂದಿನ ಹುಡುಗರಲ್ಲಿ ಅನೇಕರು ಸಂಸ್ಕೃತವನ್ನು ಓದಿಲ್ಲವೆಂಬುದನ್ನೂ ಮರೆಯಬಾರದು. ಶಾಲೆಯ ಕನ್ನಡ ವ್ಯಾಕರಣದಲ್ಲಿ ಅವರು ಕಲಿತ ವಿಭಕ್ತಿ, ಸಮಾಸ, ಕೃದಂತ, ಅವ್ಯಯ ಎಂಬ ಹತ್ತು ಹದಿನೈದು ಪದಗಳೇ ಸಾಕು. ತೀ. ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ದಂಥ ಪುಸ್ತಕವನ್ನು ಓದಿದವರ ಬಳಿ ಅಷ್ಟು ಬಂಡವಾಳ ಇದ್ದೇ ಇರುತ್ತದೆ. ಅದನ್ನು ಪರೀಕ್ಷೆ ಮುಗಿದೊಡನೆ ಮೂಲೆಗೆಸೆಯಬೇಕಾದ ಪದಾರ್ಥವೆಂದು ಅವರು ತಿಳಿದಿರುವುದು ಅವರ ತಪ್ಪಲ್ಲ. ಅದರಿಂದ ಇನ್ನೊಂದು ಬೀಗವನ್ನು ತೆಗೆಯಬಹುದೆಂದು ಯಾರೂ ಅವರಿಗೆ ತೋರಿಸಿಲ್ಲ.

ಈ ಬೀಗದ ಹಿಂದೆ ಇರುವುದು ಪ್ರವೇಶಪರೀಕ್ಷೆಯೊಂದೇ ಅಲ್ಲ. ಮೈಸೂರಿನ ಪ್ರಾಚ್ಯಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತ ಕೌಟಿಲ್ಯನ ಅರ್ಥಶಾಸ್ತ್ರವು 1909ರಲ್ಲಿ ಅಚ್ಚಾದ ಕೂಡಲೆ ಯಾಕೋಬಿ ಮೊದಲಾದ ಜರ್ಮನ್ ಪಂಡಿತರು ಅದರ ಮೇಲೆ ಚರ್ಚೆಯನ್ನು ಹೂಡಿದರು. 1925-26ರಲ್ಲಿ ಮೇಯರ್ ಎಂಬವರು ಇಡೀ ಗ್ರಂಥವನ್ನು ಜರ್ಮನ್ ಭಾಷೆಗೆ ಪರಿವರ್ತಿಸಿ ವಿಪುಲವಾದ ಟಿಪ್ಪಣಿಗಳನ್ನು ಬರೆದರು. ನಮ್ಮ ಊರಿನಿಂದ ಹೊರಟ ಗ್ರಂಥದ ಮೇಲೆ ಅಲ್ಲಿ ನಡೆದ ಆ ಚರ್ಚೆಯನ್ನು ಮೂಲದಲ್ಲಿ ಓದಬೇಕೆಂದರೆ ಆ ಕೃದಂತವಿಶೇಷಣಗಳ ಕಾಡನ್ನು ಹೊಗಬೇಕು. ವೈಗ್ಲೆಯವರು ಕನ್ನಡವನ್ನು ಕುರಿತು ಬರೆದುದಕ್ಕೂ ಇದೇ ಮಾತು ಸಲ್ಲುತ್ತದೆ.

ಆದುದರಿಂದ, ಕನ್ನಡ ಬಲ್ಲ ಜರ್ಮನ್ ಅಧ್ಯಾಪಕರು ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ನಮ್ಮ ಸೂಚನೆ ಇಷ್ಟು. ಮೊದಲನೆಯ ಪಾಠವು ‘ನನ್ನ ಹೆಸರು ಇಂಥದು’ ಎಂಬುದರಿಂದ ಆರಂಭವಾಗದೆ ‘ನನಗೆ ಚಳಿ’ ಎಂಬುದರಿಂದ ಆರಂಭವಾಗಲಿ. ಚತುರ್ಥಿಯನ್ನು ಮೊದಲು ಹೇಳಿ, ಅದರ ಪಕ್ಕದಲ್ಲಿ ದ್ವಿತೀಯೆಯನ್ನು ನಿಲ್ಲಿಸಲಿ. ಈಗಿನ ಪುಸ್ತಕಗಳು ಸಾಮಾನ್ಯವಾಗಿ ಇದಕ್ಕೆ ವಿಪರೀತವಾಗಿ ನಡೆಯುತ್ತವೆ. ಉಪವಾಕ್ಯವನ್ನು ಮೊದಲ ತಿಂಗಳಿನಲ್ಲಿಯೇ ಕೊಡಲಿ. ಎಲ್ಲಿ ಕನ್ನಡವು ಮೋಸ ಮಾಡುತ್ತದೆಯೋ, ಹಸಿವು, ಹಿಂಬಾಲಿಸುವುದು, ಪಟ್ಟಣಕ್ಕೆ ಹೋಗುವುದು, ಅಲ್ಲಲ್ಲಿ ಕೆಂಪು ಬಾವುಟವನ್ನು ನೆಡಲಿ. ಅಭ್ಯಾಸದ ವಾಕ್ಯಗಳು ಮ್ಯೂನಿಕ್ಕಿನ ಹೋಟೆಲಿನವು ಮಾತ್ರವಾಗದೆ, ನಂಜನಗೂಡಿಗೆ ಹೋಗುವ ರೈಲಿನವೂ ಆಗಿರಲಿ.

ನೆರೆಮನೆಯ ಸೊಸೆ ಎರಡನೆಯ ಸಲ ಪರೀಕ್ಷೆಗೆ ಕುಳಿತು ತೇರ್ಗಡೆಯಾದಳು. ಹೊರಡುವ ಹಿಂದಿನ ದಿನ ಹೇಳಿಹೋಗಲು ಬಂದವಳು, ನಾವು ಮನೆಯಿಂದ ಹೊರಡುವಾಗ ಹೇಳುವ ‘ಹೋಗಿಬರುತ್ತೇನೆ’ ಎಂಬುದಕ್ಕೆ ಅವರಲ್ಲಿ ಏನೆನ್ನುತ್ತಾರೆಂದು ಕೇಳಿದಳು. ‘ಔಫ್ ವೀಡರ್‌ಝೇಹೆನ್’. ‘ವೀಡರ್’ ಎಂದರೆ ಮತ್ತೆ, ‘ಝೇಹೆನ್’ ಎಂದರೆ ನೋಡುವುದು. ಎರಡೂ ಕೂಡಿ ಒಂದು ಸಮಾಸ, ಕ್ರಿಯೆಯಿಂದಾದ ನಾಮವಾದ್ದರಿಂದ ನಪುಂಸಕ. ಆಕೆ ಸ್ವಲ್ಪ ಯೋಚಿಸಿ, “ಇಲ್ಲಿ ‘ಔಫ್’ ಆದಮೇಲೆ ಯಾವ ವಿಭಕ್ತಿ, ಮೇಷ್ಟ್ರೆ?” ಎಂದಳು. ದ್ವಿತೀಯೆ, ಆದರೆ ‘ಡಸ್’ ಬಿಟ್ಟುಹೋಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ.